ತೆರೆಯ ಮೇಲಣ ಹುಲಿ

ಮೊನ್ನೆ ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ಲಾವಣಿಗಳ ಪಾಠ ನಡೆದಿತ್ತು. ಶ್ರೀರಂಗಪಟ್ಟಣದ ಪತನವನ್ನು ಹಾಡುವ ಲಾವಣಿಗಳ ಪ್ರಸ್ತಾಪ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಟಿಪ್ಪುವಿನ ಅರಮನೆಯಲ್ಲಿ ಒಂದು ಮರದ ಹುಲಿ ಇತ್ತಂತಲ್ಲ, ಅದು ಈಗ ಎಲ್ಲಿದೆ?” ಎಂದು ಕೇಳಿದ. ಲಂಡನ್ನಿನಲ್ಲಿದೆ ಎಂದೆ. “ನಾವು ನೋಡೋಕಾಗುತ್ತಾ ಸಾರ್?” ಎಂದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರಾದರೂ ಹೀಗೆ ಕೇಳಿದ್ದರೆ, “ಚೆನ್ನಾಗಿ ಓದಿ ದೊಡ್ಡ ಕೆಲಸ ಹಿಡಿ, ಹಣ ಕೂಡಿಸು, ಹೋಗಿ ನೋಡಿ ಬಾ” ಎಂದು ಹೇಳಿ ಪಾಠ ಮುಂದುವರಿಸುತ್ತಿದ್ದೆ. ಈಗ ಹಾಗೆ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ತರಗತಿಯ ಮೂಲೆಯಲ್ಲಿ ಪ್ರೊಜೆಕ್ಟರು ಇದೆ. ಹುಡುಗರ ಜೇಬಿನಲ್ಲಿ ಮೊಬೈಲುಗಳಿವೆ. ವಿದ್ಯುತ್ತು ಎರಡು ಸಲ ಕೈಕೊಟ್ಟಿತೆನ್ನುವುದನ್ನು ಬಿಟ್ಟರೆ, ಹತ್ತು ನಿಮಿಷದೊಳಗೆ ಹುಲಿ ನಮ್ಮ ಸುಣ್ಣದ ಗೋಡೆಯ ಮೇಲೆ ಬಂದು ನಿಂತಿತು.

ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಂ ತನ್ನ ಸಂಗ್ರಹದ ಹನ್ನೆರಡು ಲಕ್ಷಕ್ಕೂ ಮೇಲ್ಪಟ್ಟ ದಾಖಲೆಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಅವುಗಳಲ್ಲಿ ಒಂದು ೨೫೪೫ (ಐ.ಎಸ್.) ಎಂಬ ಸಂಖ್ಯೆಯ ಈ ಹುಲಿ. ಕೆಳಗೆ ಬಿದ್ದಿರುವ ಐರೋಪ್ಯನೊಬ್ಬನ ಕೊರಳಿಗೆ ಬಾಯಿ ಹಾಕಿ ನಿಂತಿರುವ, ಬಣ್ಣ ಬಳಿದ ಮರದ ಹುಲಿ. ಅದರ ಮೈಯೊಳಗೊಂದು ವಾದ್ಯ. ಪಕ್ಕದ ಹಿಡಿಯನ್ನು ತಿರುವಿದರೆ ಬಿದ್ದವನ ತೋಳು ಏಳುತ್ತದೆ, ಅವನ ನರಳಿಕೆಯೂ ಹುಲಿಯ ಗುರುಗುಟ್ಟುವಿಕೆಯೂ ಕೇಳಿಬರುತ್ತವೆ. ಹೊಟ್ಟೆಯ ಬದಿಯ ಬಾಗಿಲು ತೆರೆದರೆ ಹಾರ್ಮೋನಿಯಮ್ಮಿನಂತೆ ೧೮ ಮನೆಗಳು. ೧೭೯೯ರ ಮೇ ೪ರಂದು ಕೋಟೆ ಬಿದ್ದಮೇಲೆ ಈಸ್ಟ್ ಇಂಡಿಯಾ ಕಂಪನಿಯವರಿಗೆ ಅರಮನೆಯ ಸಂಗೀತಶಾಲೆಯಲ್ಲಿ ದೊರೆತ ವಸ್ತು ಇದು. ೧೮೦೮ರಿಂದ ಲೆಡನ್‌ಹಾಲ್ ಬೀದಿಯ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಹೋದವರು ಬಂದವರೆಲ್ಲ ಹಿಡಿ ತಿರುವಿ ವಿನೋದಪಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೇಲ್ಛಾವಣಿ ಕುಸಿದು ಹುಲಿ ಚೂರುಚೂರಾಯಿತು. ಯುದ್ಧ ಮುಗಿದಮೇಲೆ ಚೂರುಗಳನ್ನೆಲ್ಲ ಹೊಂದಿಸಿ ಮತ್ತೆ ನಿಲ್ಲಿಸಿದರು. ಹೀಗೆ ಮತ್ತೆ ಮತ್ತೆ ದುರಸ್ತಿಗೊಂಡ ಗಂಟಲಿನಿಂದ ಇಂದು ಹೊರಡುವ ದನಿ ಶ್ರೀರಂಗಪಟ್ಟಣದಲ್ಲಿ ಕೇಳಿದ ದನಿಯೇ ಎಂದು ಹೇಳುವಂತಿಲ್ಲ.

ಇಷ್ಟನ್ನೂ ನೋಡಿ, ಆ ದನಿಯನ್ನು ಕೇಳಿ ಆದಮೇಲೆ ತರಗತಿಯಲ್ಲಿ ಎರಡು ಮಾತು ಹುಟ್ಟಿದವು. ಪ್ರಶ್ನೆ ಕೇಳಿದ ಹುಡುಗ, “ಇಷ್ಟು ಚೆನ್ನಾಗಿ ಕಾಣುತ್ತಲ್ಲ ಸಾರ್, ಇನ್ನು ಅಲ್ಲಿಗೆ ಯಾಕೆ ಹೋಗಬೇಕು?” ಎಂದ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಲೆ ಎತ್ತದೆ, “ನಮ್ಮದನ್ನ ನಮಗೇ ಫೋಟೋದಲ್ಲಿ ತೋರಿಸ್ತಾರೆ” ಎಂದಳು. ಟಿಪ್ಪುವಿನ ವಿಚಾರದಲ್ಲಿ ನಮ್ಮ ನಾಡಿನಲ್ಲಿ ಏಕಾಭಿಪ್ರಾಯವಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆ ವಾದವನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಆದರೆ ಆ ಇಬ್ಬರು ವಿದ್ಯಾರ್ಥಿಗಳ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ಕೂತಿದೆ. ಒಬ್ಬನು ತೆರೆಯ ಮೇಲೆ ಕಂಡುದೇ ಸಾಕೆಂದ. ಇನ್ನೊಬ್ಬಳು ಅದು ಅವಮಾನವೆಂದಳು. ಇಬ್ಬರದೂ ಅರ್ಧ ಸತ್ಯವೆಂದು ನನಗೆ ತೋರುತ್ತದೆ. ಉಳಿದರ್ಧವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಮೊದಲು ಲಾಭದ ಮಾತು. ಜಗತ್ತಿನ ಚಿತ್ರಶಾಲೆಗಳು ತಮ್ಮ ಬಾಗಿಲನ್ನು ಹೀಗೆ ತೆರೆದದ್ದು ಬಹಳ ಹಿಂದಿನ ಕಥೆಯೇನೂ ಅಲ್ಲ. ೨೦೧೧ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆ ೧೭ ಮ್ಯೂಸಿಯಂಗಳ ಚಿತ್ರಗಳನ್ನು ಒಂದೆಡೆ ತಂದಿತು. ಮರುವರ್ಷ ದೆಹಲಿಯ ನ್ಯಾಷನಲ್ ಮ್ಯೂಸಿಯಂ ಅದರೊಳಗೆ ಸೇರಿತು. ೨೦೧೨ರಲ್ಲಿ ಆಂಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ಒಂದೂಕಾಲು ಲಕ್ಷ ಕೃತಿಗಳ ಚಿತ್ರಗಳನ್ನು, ಯಾರು ಬೇಕಾದರೂ ಇಳಿಸಿಕೊಳ್ಳಿ, ಹೇಗೆ ಬೇಕಾದರೂ ಬಳಸಿಕೊಳ್ಳಿ ಎಂದು ಹೊರಗಿಟ್ಟಿತು. ೨೦೧೭ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೂರು ಮುಕ್ಕಾಲು ಲಕ್ಷ ಚಿತ್ರಗಳನ್ನು ಯಾವ ಕಟ್ಟುಪಾಡೂ ಇಲ್ಲದೆ ಬಿಟ್ಟುಕೊಟ್ಟಿತು. ರೆಂಬ್ರಾಂಟನ ೧೬೪೨ರ ‘ನೈಟ್ ವಾಚ್’ ಹನ್ನೆರಡು ಅಡಿಗೂ ಮಿಕ್ಕ ಎತ್ತರದ ಚಿತ್ರ. ೨೦೨೨ರ ಜನವರಿಯಲ್ಲಿ ಹೊರಬಂದ ಅದರ ಛಾಯಾಪ್ರತಿಯನ್ನು ೮,೪೩೯ ಬಿಡಿ ಚಿತ್ರಗಳನ್ನು ಜೋಡಿಸಿ ಮಾಡಿದ್ದಾರೆ. ಒಟ್ಟು ೭೧,೭೦೦ ಕೋಟಿ ಬಿಂದುಗಳು. ಆಂಸ್ಟರ್‌ಡ್ಯಾಮಿಗೆ ಹೋಗಿ ಆ ಚಿತ್ರದ ಮುಂದೆ ನಿಂತವನು ಕಾಣಲಾರದ ಬಣ್ಣದ ಬಿರುಕನ್ನು ಮಂಡ್ಯದ ಹುಡುಗ ತನ್ನ ಮೊಬೈಲಿನಲ್ಲಿ ಕಾಣಬಲ್ಲ. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವುದು ಹೊಟ್ಟೆ ತುಂಬಿದವರ ಮಾತಾದೀತು. ಕಲೆಯ ಪುಸ್ತಕವೆಂದರೆ ಗ್ರಂಥಾಲಯದ ಗಾಜಿನ ಬೀರುವಿನೊಳಗೆ ಬೀಗ ಹಾಕಿಟ್ಟ ಒಂದೇ ಒಂದು ದುಬಾರಿ ಪುಸ್ತಕ ಎಂಬ ಕಾಲದಲ್ಲಿ ಓದಿದವನು ನಾನು.

ನೋಟದ ಲಾಭಕ್ಕಿಂತ ತಿಳಿವಳಿಕೆಯ ಲಾಭ ಇನ್ನೂ ದೊಡ್ಡದು. ಇದಕ್ಕೆ ನನ್ನದೇ ತಪ್ಪೊಪ್ಪಿಗೆಯೊಂದನ್ನು ಉದಾಹರಣೆಯಾಗಿ ಕೊಡುತ್ತೇನೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನಮ್ಮಲ್ಲಿ ನೋಡದವರು ಕಡಮೆ. ಅದು ರವಿವರ್ಮನದೆಂದು ನಾನು ಹತ್ತು ವರ್ಷ ಪಾಠ ಹೇಳಿದೆ. ಅದು ೧೯೪೫–೪೬ರ ಸುಮಾರಿಗೆ ಎಸ್. ಎಲ್. ಹಳದಣಕರ್ ಎಂಬ ಕಲಾವಿದರು ಬರೆದ ಜಲವರ್ಣದ ಚಿತ್ರ. ರವಿವರ್ಮ ತೀರಿಕೊಂಡದ್ದು ೧೯೦೬ರಲ್ಲಿ. ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಶ್ರಮವನ್ನು ನಾನು ತೆಗೆದುಕೊಂಡಿರಲಿಲ್ಲ. ನನ್ನನ್ನು ತಿದ್ದಿದವಳು ತನ್ನ ಮೊಬೈಲಿನಲ್ಲಿ ಹುಡುಕಿ ನೋಡಿದ ಒಬ್ಬ ವಿದ್ಯಾರ್ಥಿನಿ. ಆದರೆ ಅದೇ ಮೊಬೈಲಿಗೆ ಅದೇ ಚಿತ್ರ ಅದೇ ವಾರ “ರವಿವರ್ಮನ ಅಮರಕೃತಿ” ಎಂಬ ಒಕ್ಕಣೆಯೊಡನೆ ಮೂರು ಕಡೆಯಿಂದ ಬಂದಿತ್ತೆಂಬುದನ್ನೂ ಅವಳು ತೋರಿಸಿದಳು. ಚಿತ್ರ ಅಗ್ಗವಾದಾಗ ತಪ್ಪೂ ಅಗ್ಗವಾಗುತ್ತದೆ. ಇಂತಹ ಕಡೆ ಯಾವುದು ಹೊಣೆಯರಿತ ದಾಖಲೆ, ಯಾವುದು ಗಾಳಿಮಾತು ಎಂದು ಬೇರ್ಪಡಿಸುವ ವಿವೇಕವನ್ನು ಕಲಿಸಬೇಕಾದವರು ನಾವು. ಹಸ್ತಪ್ರತಿಗಳ ಪಾಠಾಂತರವನ್ನು ಗುರುತಿಸಲು ಕಲಿಸುವ ಮೇಷ್ಟರಿಗೆ ಇದು ಹೊಸ ಕೆಲಸವೇನೂ ಅಲ್ಲ.

ಇಂತಹ ದಾಖಲೆಗೆ ಮತ್ತೊಂದು ಪ್ರಯೋಜನವೂ ಉಂಟು: ಅದು ಕಾವಲುಗಾರ. ೨೦೨೩ರ ಆಗಸ್ಟಿನಲ್ಲಿ ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹದ ವಸ್ತುಗಳು ಕಾಣೆಯಾಗಿವೆ, ಕಳವಾಗಿವೆ, ಇಲ್ಲವೆ ಕೆಟ್ಟಿವೆ ಎಂದು ಪ್ರಕಟಿಸಬೇಕಾಯಿತು. ಅವುಗಳ ಸಂಖ್ಯೆ ಸುಮಾರು ಎರಡು ಸಾವಿರವೆಂದು ಮುಂದೆ ತಿಳಿದುಬಂದಿತು. ಅವುಗಳಲ್ಲಿ ಎಷ್ಟೋ ವಸ್ತುಗಳಿಗೆ ಸರಿಯಾದ ದಾಖಲೆಯೇ ಇರಲಿಲ್ಲ. ದಾಖಲೆಯಿಲ್ಲದ ವಸ್ತು ಕಳೆದರೆ ಕಳೆದದ್ದು ಯಾರಿಗೂ ತಿಳಿಯದು. ಸಿಕ್ಕರೂ ನಮ್ಮದೆನ್ನಲು ಆಧಾರವಿರದು. ಆ ವರ್ಷದ ಅಕ್ಟೋಬರಿನಲ್ಲಿ ಆ ಸಂಸ್ಥೆ ಐದು ವರ್ಷಗಳೊಳಗೆ ತನ್ನ ಇಡೀ ಸಂಗ್ರಹವನ್ನು ಅಂತರ್ಜಾಲದಲ್ಲಿ ಇಡುವುದಾಗಿ ಘೋಷಿಸಿತು. ೨೦೧೮ರ ಸೆಪ್ಟೆಂಬರ್ ೨ರ ರಾತ್ರಿ ಬ್ರೆಜಿಲ್ಲಿನ ರಾಷ್ಟ್ರೀಯ ಮ್ಯೂಸಿಯಂ ಹೊತ್ತಿ ಉರಿದಾಗ, ಅಲ್ಲಿನ ಮ್ಯೂಸಿಯಂ ಶಾಸ್ತ್ರದ ವಿದ್ಯಾರ್ಥಿಗಳು ಜನರನ್ನು ಬೇಡಿಕೊಂಡದ್ದು ಒಂದೇ: ನೀವು ಹಿಂದೆ ತೆಗೆದ ಫೋಟೋಗಳಿದ್ದರೆ ಕಳಿಸಿಕೊಡಿ ಎಂದು. ಹಾಗೆಂದು ಕಂಪ್ಯೂಟರಿಗೆ ಅಮರತ್ವ ಉಂಟೆಂದು ತಿಳಿಯಬೇಕಾಗಿಲ್ಲ. ೨೦೨೩ರ ಅಕ್ಟೋಬರಿನಲ್ಲಿಯೇ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಬ್ರಿಟಿಷ್ ಲೈಬ್ರರಿಯ ಅಂತರ್ಜಾಲ ಸೇವೆ ತಿಂಗಳುಗಟ್ಟಲೆ ನಿಂತುಹೋಯಿತು. ಓಲೆಗರಿಗೆ ಹುಳು, ಕಾಗದಕ್ಕೆ ಬೆಂಕಿ, ಕಂಪ್ಯೂಟರಿಗೆ ಅದರದೇ ಆದ ಹುಳುವೂ ಬೆಂಕಿಯೂ ಉಂಟು. ಎರಡು ಕಡೆ ಇರುವುದು ಒಂದು ಕಡೆ ಇರುವುದಕ್ಕಿಂತ ಕ್ಷೇಮ ಎಂಬಷ್ಟೇ ಇದರಿಂದ ಕಲಿಯಬೇಕಾದ ಪಾಠ.

ಇನ್ನು ನಷ್ಟದ ಲೆಕ್ಕ. ತೆರೆಯ ಮೇಲೆ ಎಲ್ಲವೂ ಒಂದೇ ಗಾತ್ರ. ಮುಷ್ಟಿಯಲ್ಲಿ ಅಡಗುವ ನಾಣ್ಯವೂ ಗೋಡೆ ತುಂಬುವ ಚಿತ್ರವೂ ಅಂಗೈಯಗಲದ ಗಾಜಿನಲ್ಲಿ ಸಮಾನಸ್ಕಂಧರಾಗುತ್ತವೆ. ನಮ್ಮ ಹುಡುಗರಲ್ಲಿ ಕೆಲವರು ಹುಲಿಯನ್ನು ಬೆಕ್ಕಿನಷ್ಟೆಂದು ತಿಳಿದರು, ಕೆಲವರು ಆನೆಯಷ್ಟೆಂದರು. ಅದರ ಉದ್ದ ೧೭೨ ಸೆಂಟಿಮೀಟರು ಎಂದು ಓದಿ ಹೇಳಿ, ಬೆಂಚಿನ ಮೇಲೆ ಅಳೆದು ತೋರಿಸಬೇಕಾಯಿತು. ಎರಡನೆಯ ನಷ್ಟ ಇದಕ್ಕಿಂತ ಸೂಕ್ಷ್ಮ. ಪ್ರದರ್ಶನವೆಂದರೆ ವಸ್ತುಗಳ ರಾಶಿಯಲ್ಲ, ಅದೊಂದು ವಾಕ್ಯ. ಯಾವುದರ ಪಕ್ಕದಲ್ಲಿ ಯಾವುದು, ಮೊದಲು ಯಾವುದು, ಕೊನೆಗೆ ಯಾವುದು ಎಂಬುದರಲ್ಲಿ ಅದರ ಅನ್ವಯವಿರುತ್ತದೆ. ೨೦೨೩ರಲ್ಲಿ ರೈಕ್ಸ್‌ಮ್ಯೂಸಿಯಂ ವರ್ಮೀರನ ೨೮ ಚಿತ್ರಗಳನ್ನು ಒಟ್ಟಿಗೆ ತಂದು ತೋರಿಸಿದಾಗ ಟಿಕೆಟ್ಟುಗಳೆಲ್ಲ ತೀರಿಹೋದವು. ಹೋಗಲಾರದವರಿಗೆ ಅಂತರ್ಜಾಲದಲ್ಲಿ ಚಿತ್ರದಿಂದ ಚಿತ್ರಕ್ಕೆ ಕೈಹಿಡಿದು ನಡೆಸುವ ಏರ್ಪಾಟನ್ನು ಅವರು ಮಾಡಿದ್ದರು. ಅದು ಪ್ರದರ್ಶನದ ಮರ್ಮವರಿತ ಕೆಲಸ. ಆದರೆ ಸಾಮಾನ್ಯವಾಗಿ ನಾವು ಮಾಡುವುದು ಹುಡುಕುವ ಪೆಟ್ಟಿಗೆಯಲ್ಲಿ ಒಂದು ಪದವನ್ನು ಬರೆದು ಒಂದು ವಸ್ತುವನ್ನು ಎತ್ತಿಕೊಳ್ಳುವುದು. ಇದು ನಿಘಂಟಿನಿಂದ ಪದ ಎತ್ತಿದಂತೆ. ಅದರಿಂದ ಕಾವ್ಯ ಓದಿದಂತಾಗುವುದಿಲ್ಲ.

ಹುಡುಕುವ ಪದವೆಂದೆ. ಯಾವ ಪದ? ಲಂಡನ್ನಿನ ದಾಖಲೆಯಲ್ಲಿ ಈ ಹುಲಿಯ ಹೆಸರು ಇಂದಿಗೂ ‘ಟಿಪ್ಪೂಸ್ ಟೈಗರ್’ ಎಂಬ ಹಳೆಯ ಕಾಗುಣಿತದಲ್ಲಿದೆ. ಇಂತಹ ಹಳೆಯ ಸಂಗ್ರಹಗಳಲ್ಲಿ ಹುಡುಕುವವನು ಶ್ರೀರಂಗಪಟ್ಟಣವನ್ನು ಕಾಣಬೇಕಾದರೆ ‘ಸೆರಿಂಗಪಟಾಂ’ ಎಂದು ಬರೆಯಲು ಕಲಿಯಬೇಕು. ಕನ್ನಡ ಲಿಪಿಯಲ್ಲಿ ‘ಹುಲಿ’ ಎಂದು ಬರೆದು ನೋಡಿದ ನಮ್ಮ ಹುಡುಗನಿಗೆ ಏನೂ ಸಿಗಲಿಲ್ಲ. ಅವನ ಮನೆಯಿಂದ ಒಂದು ಗಂಟೆಯ ಬಸ್ಸಿನ ಹಾದಿಯಲ್ಲಿ ಇದ್ದ ವಸ್ತುವನ್ನು ಅವನು ತನ್ನ ನುಡಿಯಲ್ಲಿ ಕೇಳುವಂತಿಲ್ಲ. ಅದನ್ನು ಕೊಂಡೊಯ್ದವರ ನುಡಿಯಲ್ಲಿ, ಅವರು ತಪ್ಪಾಗಿ ಉಚ್ಚರಿಸಿದ ಊರಿನ ಹೆಸರಿನಲ್ಲಿ ಕೇಳಬೇಕು. ಬಾಗಿಲು ತೆರೆದಿದೆ, ನಿಜ. ಆದರೆ ಹೊಸಲು ನಮ್ಮ ಹುಡುಗರ ಪಾಲಿಗೆ ಇನ್ನೂ ಎತ್ತರದಲ್ಲಿದೆ.

ಇಲ್ಲಿಂದ ಆ ಹುಡುಗಿಯ ಮಾತಿಗೆ ಬರೋಣ. ನೋಡಲು ಬಿಟ್ಟಮಾತ್ರಕ್ಕೆ ಒಡೆತನದ ಪ್ರಶ್ನೆ ತೀರಿತೆ? ತೀರಿತೆಂದು ವಾದಿಸುವವರು ಉಂಟು: ಚಿತ್ರ ಎಲ್ಲರಿಗೂ ಸಿಗುತ್ತಿರುವಾಗ ವಸ್ತು ಎಲ್ಲಿದ್ದರೇನು ಎಂದು. ಈ ವಾದವನ್ನು ತಿರುಗಿಸಿ ನೋಡಿದರೆ ಅದರ ದೌರ್ಬಲ್ಯ ಕಾಣುತ್ತದೆ. ಚಿತ್ರವೇ ಸಾಕೆಂದಾದರೆ ಅದನ್ನು ಅವರೇ ಇಟ್ಟುಕೊಂಡು ವಸ್ತುವನ್ನು ಕಳಿಸಿಕೊಡಬಹುದಲ್ಲ! ೨೦೧೮ರ ನವೆಂಬರಿನಲ್ಲಿ ಫ್ರಾನ್ಸಿನ ಅಧ್ಯಕ್ಷರಿಗೆ ಸಾರ್ ಮತ್ತು ಸವೊಯ್ ಎಂಬ ಇಬ್ಬರು ವಿದ್ವಾಂಸರು ಆಫ್ರಿಕದ ಕಲಾವಸ್ತುಗಳನ್ನು ಹಿಂದಿರುಗಿಸುವ ವಿಚಾರವಾಗಿ ವರದಿ ಕೊಟ್ಟರು. ಅದರಲ್ಲಿ ಆ ವಸ್ತುಗಳ ಚಿತ್ರಗಳನ್ನೆಲ್ಲ ಮುಕ್ತವಾಗಿ ಪ್ರಕಟಿಸಬೇಕೆಂಬ ಸಲಹೆಯೂ ಇತ್ತು. ಅದಕ್ಕೆ ಕೆಲವು ಕಾನೂನು ಪಂಡಿತರು ಎತ್ತಿದ ಆಕ್ಷೇಪ ಮನನೀಯವಾದುದು: ಪ್ರಕಟಿಸಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಹಕ್ಕು ಕೂಡ ಆ ವಸ್ತುವನ್ನು ಕಳೆದುಕೊಂಡವರದಲ್ಲವೆ, ಎಂದು. ವಸ್ತುವನ್ನು ಒಯ್ದಂತೆಯೇ ಅದರ ನೆರಳನ್ನೂ ನಮ್ಮನ್ನು ಕೇಳದೆ ಒಯ್ಯಬಹುದೆಂಬುದು ನಾವು ಯೋಚಿಸದಿದ್ದ ಸಂಗತಿ. ಲಂಡನ್ನಿನ ಮ್ಯೂಸಿಯಂ ಹುಲಿಯ ಚಿತ್ರವನ್ನು ನೋಡುವುದಕ್ಕೆ ಕಾಸು ಕೇಳುವುದಿಲ್ಲ. ಆದರೆ ವ್ಯಾಪಾರದ ಉಪಯೋಗಕ್ಕೆ ಬೇಕೆಂದವರು ಅವರ ಅಪ್ಪಣೆ ಪಡೆಯಬೇಕು. ಆಂಸ್ಟರ್‌ಡ್ಯಾಮು, ನ್ಯೂಯಾರ್ಕುಗಳ ಔದಾರ್ಯ ಇಲ್ಲಿ ಇನ್ನೂ ಪೂರ್ತಿ ಬಂದಿಲ್ಲ.

ಹಿಂದಿರುಗಿಸುವುದಕ್ಕೆ ಬ್ರಿಟನ್ನಿನ ೧೯೮೩ರ ರಾಷ್ಟ್ರೀಯ ಪರಂಪರೆಯ ಕಾನೂನು ಅಡ್ಡವಾಗಿದೆ. ಸಂಗ್ರಹದ ವಸ್ತುಗಳನ್ನು ಕೈಬಿಡಲು ಅದು ಕೆಲವೇ ಸಂದರ್ಭಗಳಲ್ಲಿ ಅವಕಾಶ ಕೊಡುತ್ತದೆ. ಆದುದರಿಂದ ಈಚೆಗೆ ಸಾಲದ ರೂಪದ ಒಂದು ಹಾದಿ ಹುಟ್ಟಿಕೊಂಡಿದೆ. ೨೦೨೪ರಲ್ಲಿ ಘಾನಾ ದೇಶದ ಅಸಾಂಟೆ ಅರಸರ ಚಿನ್ನದ ಒಡವೆಗಳು ಲಂಡನ್ನಿನಿಂದ ಕುಮಾಸಿಗೆ ಸಾಲವಾಗಿ ಹೋದವು. ಅದೇ ವರ್ಷದ ಜುಲೈಯಲ್ಲಿ ಇದೇ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಹುಲಿಯುಗುರು, ಶಿವಾಜಿಯ ಹೆಸರಿನೊಡನೆ ಜನ ನೆನೆಯುವ ವಾಘನಖ, ಮೂರು ವರ್ಷಗಳ ಸಾಲದ ಮೇಲೆ ಮಹಾರಾಷ್ಟ್ರಕ್ಕೆ ಬಂದು ಸಾತಾರದಲ್ಲಿ ಪ್ರದರ್ಶಿತವಾಯಿತು. ಶಿವಾಜಿ ಬಳಸಿದ್ದು ಅದೇ ಎಂದು ಖಚಿತವಾಗಿ ಹೇಳಲಾಗದೆಂದು ಮ್ಯೂಸಿಯಮ್ಮೇ ಹೇಳಿತ್ತು. ಆದರೂ ಜನ ಅದನ್ನು ಕಣ್ಣಾರೆ ನೋಡಲು ಬಂದರು. ತನ್ನದನ್ನು ತಾನೇ ಸಾಲವಾಗಿ ಪಡೆಯುವುದರಲ್ಲಿರುವ ವಿಪರ್ಯಾಸವನ್ನು ನಾನು ಬಲ್ಲೆ. ಆದರೆ ಇದೇ ವಸ್ತುವಿನ ಛಾಯೆಯನ್ನು ತೆರೆಯ ಮೇಲೆ ನೋಡಬಹುದಾಗಿದ್ದ ಜನ ಸಾಲಿನಲ್ಲಿ ಏಕೆ ನಿಂತರು? ಛಾಯೆ ಬಯಕೆಯನ್ನು ಹುಟ್ಟಿಸುತ್ತದೆ, ತಣಿಸುವುದಿಲ್ಲ. ತನ್ನ ಹಕ್ಕೇನೆಂದು ತಿಳಿಯುವುದಕ್ಕೂ ಮೊದಲು ವಸ್ತು ಎಲ್ಲಿದೆ, ಹೇಗೆ ಹೋಯಿತು ಎಂದು ತಿಳಿಯಬೇಕು. ಅಷ್ಟನ್ನು ಆ ದಾಖಲೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಹುಡುಗಿಯ ಸಿಟ್ಟಿಗೆ ಆಧಾರ ಒದಗಿಸಿದ್ದು ಆ ತೆರೆಯೇ ಎಂಬುದನ್ನು ಅವಳು ಗಮನಿಸಿರಲಿಲ್ಲ.

ಪರರನ್ನು ಇಷ್ಟು ಪ್ರಶ್ನಿಸಿದಮೇಲೆ ನಮ್ಮ ಮನೆಯ ಕಡೆಗೂ ತಿರುಗಬೇಡವೆ? ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ, ‘ಮ್ಯಾಪ್’, ೨೦೨೦ರ ಡಿಸೆಂಬರಿನಲ್ಲಿ ಕೊರೋನಾ ಕಾಲದಲ್ಲಿ ಮೊದಲು ಅಂತರ್ಜಾಲದಲ್ಲಿ ತೆರೆಯಿತು; ಕಟ್ಟಡದ ಬಾಗಿಲು ತೆರೆದದ್ದು ೨೦೨೩ರ ಫೆಬ್ರವರಿಯಲ್ಲಿ. ಭಾರತದ ಕಲೆಯ ಬಗೆಗೆ ಅವರ ವಿಶ್ವಕೋಶವೊಂದು ೨೦೨೨ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಕೇಂದ್ರ ಸರ್ಕಾರವೂ ರಾಷ್ಟ್ರೀಯ ಮ್ಯೂಸಿಯಂಗಳ ಸಂಗ್ರಹಗಳನ್ನು ಒಂದು ತಾಣದಲ್ಲಿ ಕೂಡಿಸಿದೆ. ಇವೆಲ್ಲ ಶುಭಸೂಚನೆಗಳು. ಆದರೆ ೧೮೬೫ರಷ್ಟು ಹಿಂದೆ ಬೆಂಗಳೂರಿನಲ್ಲಿ ಸರ್ಕಾರಿ ಮ್ಯೂಸಿಯಂ ಕಟ್ಟಿದ ನಾಡು ನಮ್ಮದು. ಇಲ್ಲಿನ ಶಾಸನ, ವೀರಗಲ್ಲು, ಮೈಸೂರು ಶೈಲಿಯ ಚಿತ್ರಗಳಿಗೆ ಕನ್ನಡದಲ್ಲಿಯೇ ಹುಡುಕಬಹುದಾದ, ವಿದ್ವಾಂಸರು ನೋಡಿ ಒಪ್ಪಿದ ವಸ್ತುಸೂಚಿಯೊಂದನ್ನು ಸಿದ್ಧಮಾಡುವುದು ಯಾರ ಕೆಲಸ? ಲಂಡನ್ನಿನವರು ಕನ್ನಡದಲ್ಲಿ ಬರೆಯಲಿಲ್ಲವೆಂದು ದೂರುವ ಹಕ್ಕು, ನಾವು ಬರೆದಮೇಲೆ ತಾನೆ ನಮಗೆ ಬರುವುದು? ಕನ್ನಡ ಎಂ.ಎ. ತರಗತಿಗಳಲ್ಲಿ ಪ್ರತಿವರ್ಷ ನೂರಾರು ಕಿರುಪ್ರಬಂಧಗಳು ಹುಟ್ಟಿ ಬೀರುವಿನಲ್ಲಿ ಮಲಗುತ್ತವೆ. ಒಬ್ಬೊಬ್ಬ ವಿದ್ಯಾರ್ಥಿ ಹತ್ತು ವಸ್ತುಗಳ ಮುಂದೆ ಕುಳಿತು, ಅಳೆದು, ಓದಿ, ಕನ್ನಡದಲ್ಲಿ ಹತ್ತು ವಿವರಣೆ ಬರೆದರೆ ಐದು ವರ್ಷಗಳಲ್ಲಿ ಎಷ್ಟಾಗುವುದೆಂದು ಲೆಕ್ಕ ಹಾಕಿ ನೋಡಬಹುದು.

ಪರೋಪದೇಶ ಸುಲಭವೆಂದು ಓದುಗರು ನಗುವ ಮೊದಲು ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಹುಲಿ ನೋಡಿದ ತರಗತಿಯಲ್ಲಿ, ದರಿಯಾ ದೌಲತ್ ನೋಡಿದವರು ಕೈಯೆತ್ತಿ ಎಂದೆ. ಅರ್ಧಕ್ಕರ್ಧ ಮಂದಿಯೂ ಎತ್ತಲಿಲ್ಲ. ಮುಂದಿನ ಶನಿವಾರವೇ ಬಸ್ಸು ಹತ್ತಿ ಹೋದೆವು. ೧೭೮೪ರಲ್ಲಿ ಕಟ್ಟಿದ ಆ ಬೇಸಗೆಯ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರು ಯುದ್ಧ ನಡೆದೇ ಇದೆ: ಕುದುರೆಗಳ ಸಾಲು, ಸಿಡಿದ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಬೇಯ್ಲಿ. ಆ ಗೋಡೆಯೂ ನಮ್ಮ ಹುಲಿಯಂತೆ ಒಂದೆರಡು ಸಲ ಹೊಸ ಬಣ್ಣ ಕಂಡದ್ದೇ. ಪ್ರಶ್ನೆ ಕೇಳಿದ್ದ ಹುಡುಗ ಅದರ ಮುಂದೆ ನಿಂತು, ದೂರದ ಒಬ್ಬ ಸವಾರನ ಮುಖ ಕಾಣದೆ, ತನಗೆ ಅರಿವಿಲ್ಲದಂತೆ ಎರಡು ಬೆರಳನ್ನು ಗಾಳಿಯಲ್ಲಿ ಅಗಲಿಸಿದ. ಗೋಡೆ ದೊಡ್ಡದಾಗಲಿಲ್ಲ. ನಾಚಿ ನಕ್ಕು, ಎರಡು ಹೆಜ್ಜೆ ಮುಂದೆ ಹೋದ.

ಆ ಹುಡುಗಿ ನಗಲಿಲ್ಲ. ಬಾವಿಕಟ್ಟೆಯಂತಹ ಒಂದು ಕಲ್ಲಿನ ಮೇಲೆ ಕುಳಿತು ಲಂಡನ್ನಿನ ಹುಲಿಗೆ ಕನ್ನಡದ ದಾಖಲೆ ಬರೆಯುತ್ತಿದ್ದಳು. ಅದು ನಾನು ಕೊಟ್ಟ ಮನೆಗೆಲಸ. ಸೋಮವಾರ ತಂದು ಕೊಟ್ಟಳು. ಅಳತೆ, ಮರ, ಬಣ್ಣ, ಇಸವಿ ಎಲ್ಲವೂ ಸರಿಯಾಗಿತ್ತು. ಕೆತ್ತಿದವರ ಹೆಸರು ಯಾವ ದಾಖಲೆಯಲ್ಲಿಯೂ ಉಳಿದಿಲ್ಲವಾದ್ದರಿಂದ ಆ ಜಾಗವನ್ನು ಖಾಲಿ ಬಿಡಬಹುದೆಂದು ನಾನು ಹೇಳಿದ್ದೆ. ಅವಳು ಬಿಟ್ಟಿರಲಿಲ್ಲ. “ಮಾಡಿದವರು: ಹೆಸರು ತಿಳಿಯದು. ಊರು: ಮೈಸೂರು ಸೀಮೆ” ಎಂದು ಬರೆದಿದ್ದಳು. ನಾನು ಕೆಂಪು ಮಸಿಯ ಪೆನ್ನನ್ನು ಮುಚ್ಚಿಟ್ಟೆ.